ಬೇವಿನ ಬುಡಕ್ಕೆ ಹಲಗೆ ಜಗಲಿ

ಕಡ್ಡಿಪೊರಕೆಯ ಸದ್ದು. ಬೆಳಗಿನ ಪ್ರೇಯರ್ ಬೆಲ್‌ಗಿಂತ ಮೊದಲು, ಶಾಲೆಯ ಅಂಗಳದಲ್ಲಿ ಒಣಗಿದ ಎಲೆಗಳನ್ನು ಒಂದು ಮೂಲೆಗೆ ಎಳೆಯುವ ಬರ್... ಬರ್... ಎಂಬ ಸದ್ದು. ಇಷ್ಟು ವರ್ಷವಾದರೂ ಅದು ನನ್ನ ಕಿವಿಯಲ್ಲಿ ಉಳಿದಿದೆ. ಕೇಳಬಾರದ ತಿಂಗಳಲ್ಲಿ ಕೇಳಿದ ಸದ್ದು ಅದು. ಬೇವಿನ ಮರ ಎಲೆ ಉದುರಿಸುವುದು ಯುಗಾದಿಗೆ ಮುಂಚೆ. ಆಗ ಶ್ರಾವಣ ನಡೆಯುತ್ತಿತ್ತು, ವಾರಕ್ಕೆರಡು ಸಲ ಮಳೆ ಬೀಳುತ್ತಿತ್ತು.

"ಏನಮ್ಮಾ ಇದು, ನಿನ್ನೆ ಗುಡಿಸಿದ್ದೆ, ಇವತ್ತು ಮತ್ತೆ ಮಂಕರಿ ತುಂಬ ಐತೆ," ಎಂದು ನಮ್ಮ ಆಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಈ ಮರಕ್ಕೆ ಕ್ಯಾಲೆಂಡರ್ ಗೊತ್ತಿಲ್ವಾ?"

ನಾನು ನಕ್ಕೆ. ನಗಬಾರದಿತ್ತು.

ಅರವತ್ತರ ದಶಕ ಶುರುವಾದ ಹೊಸತು. ಶಿಡ್ಲಘಟ್ಟದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ನಾನು ಹೆಡ್‌ಮಿಸ್ಟ್ರೆಸ್. ಬೆಂಗಳೂರಿನ ಕಾನ್ವೆಂಟಿನಿಂದ ನೇರವಾಗಿ ಬಂದವಳು. ಸ್ಟಾರ್ಚ್ ಮಾಡಿದ ಸೀರೆ, ಕೈಯಲ್ಲಿ ಛತ್ರಿ, ಮಾತಿಗೆ ಮುಂಚೆ ಒಂದು 'ಪ್ಲೀಸ್'. ಊರವರು ಎದುರಿಗೆ ಟೀಚರಮ್ಮ ಅನ್ನುತ್ತಿದ್ದರು, ಹಿಂದಿನಿಂದ ಪ್ಲೀಸಮ್ಮ ಅನ್ನುತ್ತಿದ್ದರಂತೆ. ಶಾಲೆ ಇದ್ದದ್ದು ಬಾಡಿಗೆಯ ಹಳೇ ಮನೆಯಲ್ಲಿ: ಮೂರು ಕೋಣೆ, ಒಂದು ಪಡಸಾಲೆ, ಹಿಂದೆ ದೊಡ್ಡ ಅಂಗಳ. ಗೋಡೆಯ ಆಚೆಯವರು ರೇಷ್ಮೆ ನೂಲು ತೆಗೆಯುತ್ತಿದ್ದರು. ಬೇಯುವ ಗೂಡಿನ ವಾಸನೆಯಲ್ಲೇ ನಾವು ಜಾಗ್ರಫಿ ಕಲಿಸುತ್ತಿದ್ದೆವು.

ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಎಂಟನೆಯದು ಬೇಕಾದರೆ ಚಿಂತಾಮಣಿಗೋ ಚಿಕ್ಕಬಳ್ಳಾಪುರಕ್ಕೋ ಬಸ್ಸಿನಲ್ಲಿ ಹೋಗಬೇಕು. ಬಸ್ಸಿಗೆ ಹೆಣ್ಣುಮಕ್ಕಳನ್ನು ಹತ್ತಿಸಲು ಆಗ ಯಾವ ಮನೆಯವರೂ ಒಪ್ಪುತ್ತಿರಲಿಲ್ಲ, ಗೌಡರ ಮನೆಯಾಗಲಿ ಸಾಬರ ಮನೆಯಾಗಲಿ. ಆ ವರ್ಷ ಏಳು ಮುಗಿಸಿದ ಹತ್ತೊಂಬತ್ತು ಹುಡುಗಿಯರಿದ್ದರು. ಅವರಿಗಾಗಿ ಎಂಟನೇ ಕ್ಲಾಸು ತೆರೆಯಲು ಅರ್ಜಿ ಹಾಕಿದೆ. ಕೋಣೆ ಇಲ್ಲ. ಇದ್ದದ್ದು ಅಂಗಳದ ಬೇವಿನ ಮರ. ಇಬ್ಬರು ಕೈ ಚಾಚಿ ತಬ್ಬಿದರೆ ಮುಟ್ಟುವಷ್ಟು ದಪ್ಪದ ಕಾಂಡ, ಅಂಗಳದ ಮುಕ್ಕಾಲು ಭಾಗಕ್ಕೆ ನೆರಳು. ಬಯಲುಸೀಮೆಯಲ್ಲಿ ಮಳೆ ಎಷ್ಟು ದಿನ ಬರುತ್ತದೆ? ಬಂದ ದಿನ ಪಡಸಾಲೆ ಇದ್ದೇ ಇದೆ. ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟ್ರೆಸ್ ಒಪ್ಪಿದರು, ಕಂಡೀಷನ್ ಹಾಕಿ: "ಶೇಡ್ ಇದೆ, ಸರಿ. ಆದರೆ ನೆಲ ಒಣಗಿರಬೇಕು, ಎತ್ತರದಲ್ಲಿರಬೇಕು. ಮಕ್ಕಳು ಬೇರಿನ ಮೇಲೂ ಕೆಸರಿನಲ್ಲೂ ಕೂತುಕೊಳ್ಳೋದನ್ನ ನಾನು ಕ್ಲಾಸ್ ಅಂತ ಬರೆಯೋದಿಲ್ಲ."

ನಮ್ಮ ಶಾಲಾ ಕಮಿಟಿಯ ಅಧ್ಯಕ್ಷರು ಚಿಂತಾಮಣಿ ರಸ್ತೆಯ ಹಳ್ಳಿಯೊಂದರ ಗೌಡರು. ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಕಮ್ಮಿ, ಕೊಟ್ಟ ಮಾತು ಗಟ್ಟಿ. ಬೇಸಿಗೆ ರಜಕ್ಕೆ ನಾನು ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಅವರು ಮರದ ಸುತ್ತ ಕಟ್ಟೆ ಕಟ್ಟಿಸಿಬಿಟ್ಟಿದ್ದರು. ದಪ್ಪ ಕಲ್ಲಿನ ಗೋಡೆ, ಸೊಂಟದೆತ್ತರ, ಒಳಗೆ ಗಾಡಿಗಟ್ಟಲೆ ಕೆರೆಯ ಗೋಡುಮಣ್ಣು ತುಂಬಿ ಗುದ್ದಿ, ಮೇಲೆ ಕಾಂಡಕ್ಕೆ ಅಂಟಿಕೊಳ್ಳುವ ಹಾಗೆ ಗಾರೆ. ಮುಂಭಾಗದಲ್ಲಿ ಒಂದು ಹೆಸರಿನ ಕಲ್ಲು: ಅವರ ತಾಯಿಯ ಜ್ಞಾಪಕಾರ್ಥ. ಆ ತಾಯಿಗೆ ಓದು ಬರುತ್ತಿರಲಿಲ್ಲವಂತೆ. "ಅದಕ್ಕೇ ಇಲ್ಲಿ ಹಾಕ್ಸಿದ್ದು," ಎಂದರು ಗೌಡರು, ಅಷ್ಟೇ.

ಆನೆಸ್ಟ್ ಆಗಿ ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಊರಿನ ಮರಕ್ಕೆ ಕಟ್ಟೆ ಕಟ್ಟುವುದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ಕಡೆ ಇಲ್ಲ. ಜೂನ್‌ನಲ್ಲಿ ಹತ್ತೊಂಬತ್ತು ಹುಡುಗಿಯರೂ ಅದರ ಮೇಲೆ ಕೂತರು. ಇನ್‌ಸ್ಪೆಕ್ಟ್ರೆಸ್ ಬಂದು ಛತ್ರಿಯ ತುದಿಯಿಂದ ಗಾರೆಯನ್ನು ಕುಟ್ಟಿ, "ಎಕ್ಸಲೆಂಟ್. ದಸರಾ ರಜ ಕಳೆದ ಮೇಲೆ ಬಂದು ಫೈನಲ್ ರಿಪೋರ್ಟ್ ಬರೀತೀನಿ," ಎಂದು ಹೋದರು.

ಆಮೇಲೆ ಮಳೆ ಬಂತು, ಎಲೆ ಉದುರತೊಡಗಿತು.

ಮುರಿದ ಬೆಂಚುಗಳನ್ನು ರಿಪೇರಿ ಮಾಡಲು ಒಬ್ಬ ಬಡಗಿ ಬರುತ್ತಿದ್ದರು. ರೇಷ್ಮೆಯವರಿಗೆ ಚರಕದ ಚೌಕಟ್ಟು, ಹುಳು ಸಾಕುವ ಸ್ಟ್ಯಾಂಡು ಮಾಡಿಕೊಡುವುದು ಅವರ ಮುಖ್ಯ ಕಸುಬು. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದೆವು. ಅವರು ಬೆಂಚಿನ ಕಾಲು ಬಿಟ್ಟು ಮರವನ್ನೇ ನೋಡುತ್ತಾ ನಿಂತದ್ದು ಕಂಡು ಹತ್ತಿರ ಹೋದೆ.

"ಮೇಡಮ್ಮಾ, ಒಂದು ಗೇಣು ಅಗೀಲಾ?"

ಕಾಂಡದ ಪಕ್ಕ ಗಾರೆಯನ್ನು ಉಳಿಯಿಂದ ಎಬ್ಬಿಸಿ, ಗೋಡನ್ನು ಕೈಯಿಂದಲೇ ಬಗೆದರು. ಮೇಲೆ ಒಣಗಿದಂತೆ ಕಂಡದ್ದು ಒಳಗೆ ಕಲಸಿದ ಹಿಟ್ಟಿನ ಹಾಗೆ ಹಸಿ. ಇನ್ನೊಂದು ಗೇಣು ಕೆಳಗೆ ನೀರೇ ನಿಂತಿತ್ತು. ಗೋಡೆಯ ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟ್ ಬಳಿದಿದ್ದರಿಂದ ಒಂದು ಹನಿಯೂ ಆಚೆ ಹೋಗಿರಲಿಲ್ಲ. ತೊಟ್ಟಿಯೊಳಗೆ ಮರ ನಿಂತ ಹಾಗೆ. ಉಗುರಿನಿಂದ ತೊಗಟೆ ಕೆರೆದರೆ ಕಪ್ಪಗೆ ಕಿತ್ತು ಬಂತು. ಮೇಸ್ತ್ರಿ ಅದನ್ನು ಮೂಸಿ ನನ್ನ ಕಡೆ ಹಿಡಿದರು. ಕೊಳೆತ ಬಾವಿಹಗ್ಗದ ವಾಸನೆ.

"ನಾನು ಮರ ಕೊಳ್ಳೋವಾಗ ಕಟ್ಟೆ ಮರ ಕೊಳ್ಳಲ್ಲ ಅಮ್ಮ. ಕೊಯ್ದರೆ ಕೆಳಗಿನ ಆಳುದ್ದ ಪೊಳ್ಳು. ಬೇರು ಶುರುವಾಗೋ ಜಾಗ ಐತಲ್ಲ, ಅದು ಮರದ ಕುತ್ತಿಗೆ. ಅದಕ್ಕೆ ಗಾಳಿ ಬೇಕು. ನೀವು ಕುತ್ತಿಗೆವರೆಗೂ ಹೂತಿದ್ದೀರ."

"ಅರಳಿಕಟ್ಟೆಗಳೆಲ್ಲ ಚೆನ್ನಾಗಿಯೇ ಇವೆಯಲ್ಲ, ಮೇಸ್ತ್ರಿ?"

"ಅರಳಿ ಗೋಡೆ ಸಂದೀಲೂ ಬದುಕ್ತದೆ. ಅದಲ್ದೆ, ಆ ಕಟ್ಟೆ ಕಟ್ಟಿದಾಗ ಗಿಡ ಮಗು. ಕಟ್ಟೆ ಜೊತೆ ಬೆಳೀತದೆ. ಇದು ನಲವತ್ತು ವರ್ಷದ್ದು. ದೊಡ್ಡವರಿಗೆ ಒಂದೇ ದಿನ ಕುತ್ತಿಗೆಗೆ ಮಣ್ಣು ಹಾಕಿದ್ರೆ?"

ನಾನು ಕೇಳಬಾರದ ಪ್ರಶ್ನೆ ಕೇಳಿದೆ. "ದಸರಾ ಕಳೆಯುವವರೆಗೆ ತಡೆಯುತ್ತಾ?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ತಡೀಬಹುದು. ತಡೀದೇನೂ ಇರಬಹುದು. ನಾನು ಮರ ಕೊಯ್ಯೋನು. ಅದು ಸಾಯೋ ದಿನ ಹೇಳೋಕೆ ನಂಗೆ ಬರಲ್ಲಮ್ಮ."

ಲೆಕ್ಕ ಸುಲಭವಾಗಿತ್ತು, ಅದೇ ಕಷ್ಟ. ಕಟ್ಟೆ ಹಾಗೇ ಇದ್ದರೆ ಅಕ್ಟೋಬರ್‌ನಲ್ಲಿ ರೆಕಗ್ನಿಷನ್ ಖಂಡಿತ. ಮರ ಅದರ ಮುಂದಿನ ವರ್ಷವೋ ಆಚೆ ವರ್ಷವೋ ಸತ್ತರೆ ಕ್ಲಾಸಿನ ಸೂರು ಹೋಯಿತು, ಆಗ ಬರುವ ಹುಡುಗಿಯರು ಮನೆಗೆ. ಈಗಲೇ ಕೆಡವಿದರೆ ಮರ ಉಳಿಯಬಹುದು, ಆದರೆ ಇನ್‌ಸ್ಪೆಕ್ಟ್ರೆಸ್ ಬರುವಾಗ ನೆಲವೇ ಇಲ್ಲದೆ, ಕಣ್ಣೆದುರಿಗಿರುವ ಈ ಹತ್ತೊಂಬತ್ತು ಜನ ಮನೆಗೆ. ಎರಡು ದಿನ ಯಾರಿಗೂ ಹೇಳದೆ ಓಡಾಡಿದೆ. ಮೂರನೆಯ ದಿನ ಮೇಸ್ತ್ರಿಯನ್ನು ಕರೆಸಿ ಕೇಳಿದೆ: ಮಣ್ಣೇ ಇಲ್ಲದೆ, ಮರವನ್ನು ಮುಟ್ಟದೆ, ಎತ್ತರದ ನೆಲ ಮಾಡಲಾಗುತ್ತದೆಯೇ?

"ಹುಳದ ಸ್ಟ್ಯಾಂಡು ಮತ್ತೇನು?" ಎಂದರು. "ಕಾಲು, ಅದರ ಮೇಲೆ ಅಡ್ಡಪಟ್ಟಿ, ಅದರ ಮೇಲೆ ತಟ್ಟೆ, ಕೆಳಗೆ ಗಾಳಿ. ಹುಳದ ಬದಲು ಹುಡುಗೀರು. ಇವರೂ ಹಾಗೇ ಕರಕರ ಅಂತ ತಿಂತಾ ಇರ್ತಾರೆ."

ಈಗಿನವರು ಅದಕ್ಕೆ ಡೆಕ್ ಅನ್ನುತ್ತಾರೆ. ನಮಗೆ ಆ ಹೆಸರು ಗೊತ್ತಿರಲಿಲ್ಲ. ಹಲಗೆ ಜಗಲಿ ಎಂದು ಆಯಮ್ಮ ಕರೆದಳು, ಅದೇ ನಿಂತಿತು.

ಅದಕ್ಕೆ ಮುಂಚೆ ಗೌಡರ ಮನೆಗೆ ಹೋಗಬೇಕಿತ್ತು. ಜಟಕಾದಲ್ಲಿ ಹೋದೆ, ದಾರಿಯುದ್ದಕ್ಕೂ ಮಾತನ್ನು ಪ್ರಾಕ್ಟೀಸ್ ಮಾಡುತ್ತಾ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಬೀಜ ಆರಿಸುತ್ತಿದ್ದರು. ಕಾಫಿ ಬಂತು. ಹೇಳಿದೆ. ಅವರ ಕೈ ಮೊರದ ಮೇಲೆ ನಿಂತಿತು.

"ಯಾರು ಹೇಳಿದ್ದು?"

"ಬಡಗಿ ಮೇಸ್ತ್ರಿ. ನಾನೂ ಕಣ್ಣಾರೆ ನೋಡಿದೆ ಗೌಡ್ರೇ."

"ನಮ್ಮೂರಲ್ಲಿ ನಾಲ್ಕು ಕಟ್ಟೆ ಅವೆ. ನಮ್ಮ ತಾತನ ಕಾಲದವು. ಯಾವ ಮರ ಸತ್ತೈತೆ, ತೋರ್ಸಮ್ಮ."

ಮೇಸ್ತ್ರಿ ಹೇಳಿದ್ದನ್ನೆಲ್ಲ ಹೇಳಿದೆ. ಅರಳಿಯ ವಿಷಯ, ಕುತ್ತಿಗೆಯ ವಿಷಯ. ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಕಪ್ಪು ತೊಗಟೆಯ ಚೂರನ್ನು ಬಿಚ್ಚಿ ಮೊರದ ಅಂಚಿನಲ್ಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಬೆಂಗಳೂರಿನೋರು ನೀವು. ಇವತ್ತು ಈ ಊರು, ನಾಳೆ ಇನ್ನೊಂದೂರು. ನಮ್ಮಮ್ಮನ ಹೆಸರು ಅಲ್ಲಿ ಕೆತ್ತಿಸಿದ ದಿನ ಊರೆಲ್ಲ ಕರೆದು ಊಟ ಹಾಕಿದ್ದೀನಿ. ಈಗ ಅದನ್ನ ಕಿತ್ತುಹಾಕ್ತಾರೆ ಅಂದ್ರೆ ಜನ ಏನಂತಾರೆ? ಗೌಡ ಏನೋ ತಪ್ಪು ಮಾಡಿರಬೇಕು ಅಂತಾರೆ."

"ತಪ್ಪು ಯಾರದೂ ಅಲ್ಲ. ನಾನೂ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಪ್ಲೀಸ್ ಗೌಡ್ರೇ..."

"ಆ ಮಾತು ಬಿಡಮ್ಮ." ಆಮೇಲೆ ಕೈ ಮತ್ತೆ ಮೊರದ ಮೇಲೆ ಆಡಿತು. "ಕೆಡವೋದಾದ್ರೆ ನೀವು ಕೆಡವಿ. ನಾನು ಬ್ಯಾಡ ಅನ್ನಲ್ಲ, ಹೂಂ ಅಂತಾನೂ ಅನ್ನಲ್ಲ. ನನ್ನ ಆಳುಗಳ ಕೈಲಿ ಒಂದು ಕಲ್ಲೂ ಎತ್ತಿಸಲ್ಲ. ಹೆಸರಿನ ಕಲ್ಲು ಮಾತ್ರ ಮುಕ್ಕಾಗದಂಗೆ ಗಾಡೀಲಿ ಹಾಕಿ ಕಳಿಸಿ."

ಅಂದಿನಿಂದ ಅವರು ಕಮಿಟಿ ಮೀಟಿಂಗಿಗೆ ಬರಲಿಲ್ಲ. ಕಾಗದಗಳಿಗೆ ಸಹಿ ಮಾತ್ರ ಮಾಡಿ ಕಳಿಸುತ್ತಿದ್ದರು.

ಮೊದಲು ಇಳಿದದ್ದು ಆ ಕಲ್ಲು. ಹುಲ್ಲಿನ ಮೆತ್ತೆ ಮೇಲೆ ಮಲಗಿಸಿ ಕಳಿಸಿದೆವು. ಆಮೇಲೆ ಗಾರೆ, ಗೋಡೆ. ಒಳಗಿನ ಗೋಡಿಗೆ ಗುದ್ದಲಿ ಹಾಕಲು ಮೇಸ್ತ್ರಿ ಬಿಡಲಿಲ್ಲ. ಕಾಂಡದಿಂದ ಮೂರು ಮೊಳ ಆಚೆ ಮಾತ್ರ ಗುದ್ದಲಿ, ಹತ್ತಿರಕ್ಕೆ ಕೈ ಮತ್ತು ತೆಂಗಿನ ಚಿಪ್ಪು. ಒಂದು ವಾರ ಡ್ರಿಲ್ ಪೀರಿಯಡ್‌ಗಳೆಲ್ಲ ಮಣ್ಣು ಬಗೆಯುವುದಕ್ಕೇ ಹೋದವು. ಹುಡುಗಿಯರಿಗೆ ಅದು ಹಬ್ಬ. ಬುಡ ಕಾಣುವಷ್ಟು ತೆರೆದಾಗ ಪಶ್ಚಿಮದ ಕಡೆ ಅಂಗೈಯಗಲದ ಜಾಗದಲ್ಲಿ ತೊಗಟೆಯೇ ಇರಲಿಲ್ಲ. ಮೇಸ್ತ್ರಿ ಉಳಿ ಮಸೆದು, ಗಟ್ಟಿ ಮರ ಸಿಗುವವರೆಗೆ ಕೊಳೆತದ್ದನ್ನು ಕೆತ್ತಿ ತೆಗೆದರು. ಆಯಮ್ಮ ಅರಿಶಿನ ಕಲಸಿ ತಂದಳು. "ಬೇಡಮ್ಮಾ, ಬಿಸಿಲು ಬೀಳಲಿ ಸಾಕು," ಎಂದರು ಅವರು. ಅವರು ಊಟಕ್ಕೆ ಹೋದಾಗ ಅವಳು ಹಚ್ಚಿದಳು.

ಕಾಲುಗಳಿಗೆ ಮರ ಬೇಡ, ಗೆದ್ದಲು ಹಿಡಿಯುತ್ತದೆ ಎಂದು ತೋಟದ ಬೇಲಿಗೆ ನೆಡುವ ಕಲ್ಲುಕಂಬಗಳನ್ನೇ ತುಂಡು ಮಾಡಿಸಿದೆವು. ಒಟ್ಟು ಹನ್ನೆರಡು. ಮೇಸ್ತ್ರಿ ನೆಲದ ಮೇಲೆ ದಾರ ಕಟ್ಟಿ ಅಚ್ಚುಕಟ್ಟಾದ ಚೌಕ ಹಾಕಿ, ಹನ್ನೆರಡು ಜಾಗಕ್ಕೂ ಸುಣ್ಣದ ಗುರುತಿಟ್ಟರು. ಒಂದೊಂದು ಗುರುತಿನಲ್ಲೂ ಚೂಪು ಕಬ್ಬಿಣದ ಸಲಾಕೆ ಇಳಿಸಿ ನೋಡುವುದು, ಬೇರು ತಾಗಿದರೆ ಕಂಬ ಅಲ್ಲಿಲ್ಲ. ಹನ್ನೆರಡರಲ್ಲಿ ಏಳಕ್ಕೆ ಬೇರು ತಾಗಿತು.

"ಕೊಯ್ದುಬಿಡಿ, ಒಂದೆರಡು ಬೇರಿಗೇನಾಗುತ್ತೆ?" ಎಂದೆ. ಅಷ್ಟು ಹೊತ್ತಿಗೆ ಸೆಪ್ಟೆಂಬರ್ ಅರ್ಧ ಕಳೆದಿತ್ತು, ನನಗೆ ಟೆನ್ಷನ್.

"ಕಟ್ಟೆ ಒಡೆಸಿದ್ದು ಯಾಕಮ್ಮಾ ಮತ್ತೆ?" ಎಂದರು ಮೇಸ್ತ್ರಿ, ಸಲಾಕೆ ಕೀಳುತ್ತಾ.

ಹೀಗಾಗಿ ಕಂಬಗಳು ಬೇರು ಬಿಟ್ಟುಕೊಟ್ಟ ಕಡೆ ನಿಂತವು. ಯಾವ ಎರಡರ ನಡುವಿನ ಅಳತೆಯೂ ಒಂದೇ ಇರಲಿಲ್ಲ. ಚಿಂತಾಮಣಿಯಲ್ಲಿ ಕೆಡವುತ್ತಿದ್ದ ಹಳೇ ಮನೆಯೊಂದರಿಂದ ಮತ್ತಿಮರದ ತೊಲೆಗಳನ್ನೂ ಅಟ್ಟದ ಹಲಗೆಗಳನ್ನೂ ಎತ್ತಿನ ಗಾಡಿಯಲ್ಲಿ ತರಿಸಿದೆವು. ಸ್ಕೂಲ್ ಡೇಗೆ ಕೂಡಿಟ್ಟ ದುಡ್ಡು ಅದಕ್ಕೇ ಹೋಗಿ, ಆ ವರ್ಷ ಸ್ಕೂಲ್ ಡೇ ನಡೆಯಲಿಲ್ಲ. ಒಂದೊಂದು ತೊಲೆಯನ್ನೂ ಅದರದೇ ಅಳತೆಗೆ ಕೊಯ್ದು, ಕಂಬದ ತಲೆಯಲ್ಲಿ ಕಲ್ಲುಕುಟಿಗ ಕಡಿದ ಕಚ್ಚಿನೊಳಗೆ ಕೂರಿಸಿ, ರಸಮಟ್ಟ ಇಟ್ಟು, ತಗ್ಗಿದ ಕಡೆ ಚಕ್ಕೆ ಕೊಟ್ಟು ಏಳಿಸಬೇಕು. ಒಂದು ಕಂಬ ಮಳೆಗೆ ಕುಸಿದು ನಾಲ್ಕು ತೊಲೆಗಳ ಮಟ್ಟ ಒಟ್ಟಿಗೆ ಕೆಟ್ಟಿತು. ಮತ್ತೆ ಕಿತ್ತು, ಗುಂಡಿಗೆ ಜಲ್ಲಿ ಗಿಡಿದು ನಿಲ್ಲಿಸಿದರು. ಅದಕ್ಕೇ ನಾಲ್ಕು ದಿನ ಹೋಯಿತು.

ಹಲಗೆಗಳ ನಡುವೆ ನೀರಿಳಿಯಲು ಸಂದು ಬೇಕಿತ್ತು. ಎಷ್ಟು ಎಂದು ಕೇಳಿದಾಗ ಮೇಸ್ತ್ರಿ ಒಬ್ಬ ಹುಡುಗಿಯ ಕೈಯಿಂದ ಬಳಪ ತೆಗೆದುಕೊಂಡು ಎರಡು ಹಲಗೆಗಳ ನಡುವೆ ಇಟ್ಟರು. "ಇಷ್ಟು." ಆ ಮೇಲಿನ ವರ್ಷಗಳಲ್ಲಿ ಅಲ್ಲಿಂದ ಎಷ್ಟು ಬಳಪ ಕೆಳಗೆ ಬಿದ್ದವೋ!

ಕಾಂಡದ ಸುತ್ತ ಅವರು ಒಂದು ಗೇಣಿಗಿಂತ ಹೆಚ್ಚು ಜಾಗ ಬಿಟ್ಟರು. ಅದು ನನಗೆ ಭಯ. ಮಗುವಿನ ಕಾಲು ಸಿಕ್ಕಿಕೊಂಡರೆ? ಹಲಗೆ ಹತ್ತಿರ ತಂದರೆ ಮರಕ್ಕೆ ಉಜ್ಜುತ್ತದೆ, ಹಗ್ಗ ಸುತ್ತಿದರೆ ನೀರು ಹಿಡಿಯುತ್ತದೆ. ಇದಕ್ಕೆ ದಾರಿ ತೋರಿಸಿದ್ದು ಆಯಮ್ಮ. ರೇಷ್ಮೆ ಹುಳುಗಳು ಗೂಡು ಕಟ್ಟಲು ಬಿದಿರಿನ ಸೀಳಿನಲ್ಲಿ ಹೆಣೆಯುತ್ತಾರಲ್ಲ, ಚಂದ್ರಿಕೆ, ಅದನ್ನು ಗೋಡೆಯಾಚೆ ಒಣಗಲು ನಿಲ್ಲಿಸಿದ್ದರು. "ಅದನ್ನೇ ಮರದ ಸುತ್ತ ಬಳೆ ತರ ಹಾಕಿ ಸಾಬ್ರೇ. ಗಾಳೀನೂ ಹೋಗ್ತದೆ, ಕಾಲೂ ಹೋಗಲ್ಲ."

ಮೇದರವನೊಬ್ಬ ಬಂದು ಎರಡು ಅರ್ಧಚಂದ್ರಗಳಾಗಿ ಹೆಣೆದುಕೊಟ್ಟ. ಮರ ದಪ್ಪವಾದಂತೆ ಒಳಗಿನ ಸುತ್ತನ್ನು ಬಿಚ್ಚಿದರೆ ಆಯಿತು. ಮೇಸ್ತ್ರಿ ಸೋತವರಂತೆ ತಲೆ ತೂಗಿದರು. "ಆಯಮ್ಮ, ನಾಳೆಯಿಂದ ಉಳಿ ನೀವು ಹಿಡೀರಿ, ಪೊರಕೆ ನಾನು ಹಿಡೀತೀನಿ."

"ನಿಮ್ಮ ಜಗಲಿ ಮೊದಲು ನನ್ನ ಭಾರ ತಡೀಲಿ!"

"ನಿಮ್ಮ ಭಾರ ನೋಡಿಯೇ ಒಂದು ತೊಲೆ ಜಾಸ್ತಿ ಹಾಕಿದ್ದೀನಿ."

ಇನ್‌ಸ್ಪೆಕ್ಟ್ರೆಸ್ ಹೇಳಿದ್ದಕ್ಕಿಂತ ನಾಲ್ಕು ದಿನ ಮುಂಚೆ ಬಂದರು. ಪೂರ್ವದ ಕಡೆ ಮೊಳೆ ಹೊಡೆದು ಮುಗಿದಿತ್ತು, ಪಶ್ಚಿಮದ ಕಡೆ ಹಲಗೆಗಳನ್ನು ಬರೀ ಹಾಸಿತ್ತು. ಜೀಪಿನ ಸದ್ದು ಕೇಳಿ ಹುಡುಗಿಯರನ್ನೆಲ್ಲ ಪೂರ್ವಕ್ಕೆ ಕೂರಿಸಿದೆ. ಆಯಮ್ಮ ಯಾರ ಮಾತೂ ಕೇಳದೆ ಹತ್ತಿ, ಅಂಚಿನಾಚೆಗೆ ಚಾಚಿ ನಿಂತಿದ್ದ ಬಿಡಿ ಹಲಗೆಯ ಈ ತುದಿಯ ಮೇಲೆ ಕೈಕಟ್ಟಿ ನಿಂತುಬಿಟ್ಟಳು. ಆಚೆ ತುದಿಯನ್ನು ತುಳಿದರೆ ಅದು ಏತದಂತೆ ಎದ್ದುಬಿಡುತ್ತಿತ್ತು.

"ವಾಟ್ ಈಸ್ ದಿಸ್? ಕಟ್ಟೆ ಎಲ್ಲಿ?" ಎಂದರು ಇನ್‌ಸ್ಪೆಕ್ಟ್ರೆಸ್.

ಹೇಳಿದೆ. ಅವರು ಮೆಟ್ಟಿಲು ಹತ್ತಿ ಹಲಗೆಗಳ ಮೇಲೆ ಉದ್ದಕ್ಕೂ ನಡೆದರು, ಹಿಮ್ಮಡಿಯಿಂದ ಒತ್ತಿ ನೋಡಿದರು, ಸಂದಿನಲ್ಲಿ ಛತ್ರಿಯ ತುದಿ ಇಳಿಸಿದರು. ಪಶ್ಚಿಮದ ಕಡೆಗೂ ಹೋಗಿ, ಆ ಬಿಡಿ ಹಲಗೆಯ ಆಚೆ ತುದಿಯ ಮೇಲೇ ನಿಂತರು.

"ಆಯಾ, ಕುಡಿಯೋಕೆ ನೀರು ತರ್ತೀಯಾ?"

"ತರಲ್ಲಮ್ಮ," ಎಂದಳು ಆಯಮ್ಮ, ಅಲ್ಲಾಡದೆ.

ಇನ್‌ಸ್ಪೆಕ್ಟ್ರೆಸ್ ಅವಳ ಕಾಲು ನೋಡಿದರು, ತಮ್ಮ ಕಾಲು ನೋಡಿದರು, ಹಲಗೆ ನೋಡಿದರು. ಮೆಲ್ಲಗೆ ಪಕ್ಕದ ಹಲಗೆಗೆ ದಾಟಿ, "ಸೆನ್ಸಿಬಲ್ ವುಮನ್," ಎಂದರು. ಕೆಳಗಿಳಿದ ಮೇಲೆ ತಲೆಯೆತ್ತಿ ಮರ ನೋಡಿದರು. ಅರ್ಧ ಬೋಳು. "ಫ್ಲೋರ್ ಸರಿ. ರೂಫ್ ಸಾಯ್ತಾ ಇದೆಯಲ್ಲಮ್ಮ?"

"ಚಿಗುರುತ್ತೆ ಮೇಡಂ," ಎಂದೆ. ನನಗೆ ಗೊತ್ತಿರಲಿಲ್ಲ.

ಅವರು ಒಂದು ವರ್ಷಕ್ಕೆ ಟೆಂಪೊರರಿ ಎಂದು ಬರೆದರು. ಮರ ಚಿಗುರಿದರೆ ಪರ್ಮನೆಂಟ್. ಆ ಚಳಿಗಾಲವೆಲ್ಲ ನಾನು ಬೆಳಗೆದ್ದು ಮೊದಲು ನೋಡುತ್ತಿದ್ದದ್ದು ಕೊಂಬೆಗಳನ್ನು. ಪುಷ್ಯ ಕಳೆಯಿತು, ಮಾಘ ಕಳೆಯಿತು, ಉಳಿದಿದ್ದ ಎಲೆಗಳೂ ಉದುರಿದವು. ಎಲ್ಲ ಬೇವಿನ ಮರಗಳದೂ ಉದುರುವ ಕಾಲ, ಆದ್ದರಿಂದ ಏನೂ ತಿಳಿಯುವಂತಿರಲಿಲ್ಲ. ಯುಗಾದಿಗೆ ಹತ್ತು ದಿನ ಇರುವಾಗ ಪೂರ್ವದ ಕೊಂಬೆಗಳಲ್ಲಿ ತಾಮ್ರದ ಬಣ್ಣ ಕಂಡಿತು. ಪಶ್ಚಿಮದ ದೊಡ್ಡ ಕೊಂಬೆ ಚಿಗುರಲೇ ಇಲ್ಲ, ಅದನ್ನು ಕೊಯ್ಯಬೇಕಾಯಿತು. ಮೇಸ್ತ್ರಿ ಕೊಯ್ದು, ಅದರಲ್ಲೇ ಬ್ಲ್ಯಾಕ್‌ಬೋರ್ಡಿಗೆ ಸ್ಟ್ಯಾಂಡು ಮಾಡಿಕೊಟ್ಟರು. ಉಳಿದ ಮುಕ್ಕಾಲು ಮರ ಆ ಬೇಸಿಗೆಯಲ್ಲಿ ಹೂ ಬಿಟ್ಟಿತು. ಪರ್ಮನೆಂಟ್ ಆರ್ಡರ್ ಬಂತು. ಮುಂದಿನ ವರ್ಷ ಎಂಟನೇ ಕ್ಲಾಸಿಗೆ ಮೂವತ್ತೊಂದು ಜನ ಸೇರಿದರು.

ಗೌಡರಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ.

ಎರಡು ವರ್ಷದ ಮೇಲೆ ನನಗೆ ಗೌರಿಬಿದನೂರಿಗೆ ಟ್ರಾನ್ಸ್‌ಫರ್ ಆಯಿತು. ಹೊರಡುವ ಹಿಂದಿನ ದಿನ, ಮಧ್ಯಾಹ್ನದ ಮೊದಲ ಪೀರಿಯಡ್, ಆಫೀಸಿನ ಕಿಟಕಿಯಿಂದ ನೋಡುತ್ತೇನೆ, ಅಂಗಳದಲ್ಲಿ ಗೌಡರು. ಕೋಲೂರಿಕೊಂಡು ಒಬ್ಬರೇ. ಹಲಗೆ ಜಗಲಿಯ ಮೇಲೆ ಆಲ್ಜೀಬ್ರಾ ನಡೆಯುತ್ತಿತ್ತು. ನಾನು ಎದ್ದು ಹೋಗುವಷ್ಟರಲ್ಲಿ ಅವರು ಕೋಲನ್ನು ತೊಲೆಗೆ ಒರಗಿಸಿ, ನೆಲಕ್ಕೆ ಕೈಯೂರಿ, ಮೆಲ್ಲಗೆ ಮಂಡಿಯ ಮೇಲೆ ಇಳಿದು, ಹಲಗೆಗಳ ಕೆಳಗೆ ತಲೆ ತಗ್ಗಿಸಿ ನೋಡುತ್ತಿದ್ದರು. ಆ ನೆರಳಿನಲ್ಲಿ ಬೇರುಗಳು ಬೆರಳು ಚಾಚಿದಂತೆ ಹೊರಟು ನೆಲದೊಳಗೆ ಹೋಗುವುದು ಕಾಣುತ್ತಿತ್ತು. ಅವರು ತೋಳು ಚಾಚಿ ಹತ್ತಿರದ ಬೇರಿನ ಪಕ್ಕದ ಮಣ್ಣನ್ನು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು. ಪುಡಿಯಾಗಿ ಉದುರಿತು.

"ಗಾಳಿ ಆಡ್ತಾ ಐತೆ," ಎಂದರು. ನನಗೋ, ತಮಗೋ.

ಏಳಲು ಕೈ ಕೊಟ್ಟೆ, ಹಿಡಿದುಕೊಂಡರು. "ಕುರ್ಚಿ ತರಿಸ್ತೀನಿ, ಕೂತ್ಕೊಳ್ಳಿ ಗೌಡ್ರೇ."

"ಬ್ಯಾಡಮ್ಮ. ಪಾಠ ನಡೀಲಿ."

ಹಾಗೆಂದು ತಿರುಗಿ ನಡೆದರು. ಗೇಟಿನ ಹತ್ತಿರ ನಿಂತು, ಗೋಡೆಗೆ ಕೈಕೊಟ್ಟು, ಒಂದೊಂದೇ ಚಪ್ಪಲಿ ಮೆಟ್ಟಿಕೊಂಡರು. ಅಂಗಳಕ್ಕೆ ಅವರು ಚಪ್ಪಲಿ ಬಿಟ್ಟು ಬಂದಿದ್ದರೆಂದು ನನಗೆ ಗೊತ್ತಾದದ್ದು ಆಗಲೇ. ಆಮೇಲೆ ಅವರನ್ನು ನಾನು ನೋಡಲಿಲ್ಲ.